ನಡುರಾತ್ರಿಯ ಮತಗಟ್ಟೆ

ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ಉತ್ತರದಲ್ಲಿ, ಕೆನಡಾ ಗಡಿಗೆ ಸಮೀಪದ ಬೆಟ್ಟಗಳ ನಡುವೆ, ಡಿಕ್ಸ್‌ವಿಲ್ ನಾಚ್ ಎಂಬ ಪುಟ್ಟ ಊರಿದೆ. 1960ರಿಂದ ಅಧ್ಯಕ್ಷ ಚುನಾವಣೆಯ ದಿನ ಗಡಿಯಾರ ಹನ್ನೆರಡು ಬಡಿಯುತ್ತಲೇ ಇಲ್ಲಿ ಮತದಾನ ನಡೆಯುತ್ತದೆ. ಪಟ್ಟಿಯಲ್ಲಿರುವವರೆಲ್ಲರ ಮತ ಬಿದ್ದೊಡನೆ ಮತಗಟ್ಟೆಯನ್ನು ಮುಚ್ಚಲು ಕಾನೂನಿನ ಅನುಮತಿಯುಂಟು. ನಾಡು ನಿದ್ರಿಸುತ್ತಿರುವಾಗಲೇ ಊರಿನ ತೀರ್ಪು ಹೊರಬೀಳುತ್ತದೆ.

ಇದನ್ನು ಭವಿಷ್ಯವಾಣಿಯೆಂದು ನಂಬಿದವರು ಮೋಸಹೋದಾರು. 1960ರಲ್ಲಿ ಒಂಬತ್ತು ಮತಗಳೂ ನಿಕ್ಸನ್‌ರಿಗೆ, ಗೆದ್ದವರು ಕೆನೆಡಿ. 1968ರಲ್ಲಿ ಹಂಫ್ರಿಯವರಿಗೆ 8, ನಿಕ್ಸನ್‌ರಿಗೆ 4, ಗೆದ್ದವರು ನಿಕ್ಸನ್! ಆಮೇಲೆ ದಶಕಗಳ ಕಾಲ ರಿಪಬ್ಲಿಕನ್ ಪಕ್ಷದತ್ತ ವಾಲಿದ್ದ ಊರು 2008ರಲ್ಲಿ ಒಬಾಮರಿಗೆ 15, ಮೆಕೇನ್‌ರಿಗೆ 6 ಮತ ನೀಡಿತು. 2020ರಲ್ಲಿ ಐದಕ್ಕೆ ಐದೂ ಬೈಡನ್‌ರಿಗೆ. 2024ರಲ್ಲಿ ಮತದಾರರು ಆರೇ ಮಂದಿ: ಹ್ಯಾರಿಸ್‌ರಿಗೆ 3, ಟ್ರಂಪ್‌ರಿಗೆ 3.

ಗುಪ್ತ ಮತದಾನವೆಂಬುದು ಇಲ್ಲಿ ಬಲು ತೆಳುವಾದ ತೆರೆ. ಎಲ್ಲರೂ ಒಮ್ಮತವಾದರೆ ಗುಟ್ಟೇ ಉಳಿಯದು. ಸಮಸಮವಾದರೆ, ತನಗೆ ಎದುರಾದ ಮೂವರು ಉಳಿದ ಐವರಲ್ಲೇ ಇದ್ದಾರೆಂಬುದು ಪ್ರತಿಯೊಬ್ಬರಿಗೂ ಗೊತ್ತು. ಬೆಳಗಾದರೆ ಅವರೇ ನೆರೆಯವರು. ಒಂದು ಮತ ಬಾಕಿಯಿದ್ದರೂ ಬಾಗಿಲು ಮುಚ್ಚುವಂತಿಲ್ಲ. ತನ್ನ ಮತವನ್ನು ಸರಿಗಟ್ಟಲಿರುವವನಿಗಾಗಿಯೂ ಕಾದಿರುವುದು, ಈ ಊರು ನಡುರಾತ್ರಿಯಲ್ಲಿ ಕಲಿಸುವ ಪಾಠ.