ಇನ್ನೊಂದೇ ಅಲೆ
ಮೇ ಕೊನೆಯ ವಾರ ಮಲ್ಪೆ ಬೀಚಿನಲ್ಲಿ ಊರಿಗೆ ಹೊರಟ ಕುಟುಂಬಗಳನ್ನು ಗುರುತಿಸುವುದು ಸುಲಭ. ರೂಮು ಖಾಲಿ ಮಾಡುವ ಹೊತ್ತಾದರೂ ಮಕ್ಕಳು ನೀರಲ್ಲೇ. ‘ಇನ್ನೊಂದೇ ಅಲೆ, ಅಪ್ಪಾ’ ಎನ್ನುವ ಆ ಒಂದು ಅಲೆ ಮುಗಿಯುವುದೇ ಇಲ್ಲ. ಒಣಗದ ಚಡ್ಡಿ, ಟವೆಲ್‌ಗಳನ್ನು ಕವರಿಗೆ ತುರುಕುವವರು ಅಮ್ಮಂದಿರು (ಈ ಕೆಲಸ ಅಪ್ಪಂದಿರಿಗೆ ಬಾರದೆಂದು ಯಾರು ತೀರ್ಮಾನಿಸಿದರೋ!). ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳನ್ನು ನಾಳೆ ನೋಡಿದರಾಯ್ತು ಎಂದು ಮುಂದೂಡಿದವರ ಮುಖ ಇನ್ನೂ ಸಪ್ಪೆ: ಮಳೆ ಹಿಡಿದರೆ ಅಲ್ಲಿಗೆ ದೋಣಿ ಬಿಡುವುದಿಲ್ಲ. ಅಜ್ಜಿಗೆ ಮಾತ್ರ ಒಣಮೀನಿನ ಚಿಂತೆ. ‘ಬಸ್ಸಿಡೀ ವಾಸನೆ ಬರ್ತದೆ ಅಜ್ಜಿ’ ಎಂದರೆ, ‘ಪೇಪರಿನಲ್ಲಿ ಸುತ್ತಿದ್ರಾಯ್ತು, ಬಾ’ ಎನ್ನುತ್ತಾರೆ. ಅವರ ಹಟಕ್ಕೆ ಲೆಕ್ಕವಿದೆ. ನಮ್ಮ ರಜೆ ಮುಗಿಯುತ್ತಿದ್ದಂತೆ ಬಂದರಿನ ರಜೆ ಶುರು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಮೀನುಗಾರಿಕೆಗೆ ಇಳಿಯುವಂತಿಲ್ಲ; ಮೀನು ಮೊಟ್ಟೆಯಿಡುವ ಕಾಲ, ಕಡಲೂ ಒರಟು. ಬೋಟುಗಳು ದಕ್ಕೆಯಲ್ಲಿ ಒತ್ತೊತ್ತಾಗಿ ನಿಲ್ಲುತ್ತವೆ, ಬಲೆಗಳು ರಿಪೇರಿಗೆ ಬರುತ್ತವೆ. ನಾಡದೋಣಿಯವರು ತಂದದ್ದಷ್ಟೇ ತಾಜಾ ಮೀನು, ಅದರ ಬೆಲೆಯೋ ಕೈಗೆಟುಕದು. ಆದ್ದರಿಂದ ನಾನು ಅಜ್ಜಿಯ ಪಕ್ಷ: ಕಪ್ಪೆಚಿಪ್ಪು ತುಂಬಿದ ಬಾಟಲಿ ಬೇಕಾದರೆ ಬಿಟ್ಟು ಹೋಗಲಿ, ಚೀಲದಲ್ಲಿ ಜಾಗ ಒಣ ನಂಗು ಮೀನಿಗೆ ಸಿಗಲಿ.