ಗ್ಯಾಸ್ ತುಂಬಿಸೋ ಮೊದಲು ಮೀಟರ್ ಹಿಡೀರಿ

ಕಾರಿನ ಎ.ಸಿ. ತಣ್ಣನೆ ಗಾಳಿ ಕೊಡದಿದ್ರೆ ಗ್ಯಾರೇಜುಗಳಲ್ಲಿ ಮೊದಲು ಬರೋ ಮಾತು 'ಗ್ಯಾಸ್ ಖಾಲಿ', ಆಮೇಲೆ 'ಕಂಪ್ರೆಸರ್ ಹೋಗಿದೆ'. ಅಷ್ಟರಲ್ಲಿ ಗಾಡಿಯವರ ಸಾವಿರಾರು ರೂಪಾಯಿ ಖರ್ಚಾಗಿರುತ್ತೆ. ಅಳತೆ ಮಾಡದೆ ಬಿಡಿಭಾಗ ಬದಲಿಸೋದನ್ನ ರಿಪೇರಿ ಅನ್ನೋಕಾಗಲ್ಲ ಅನ್ನೋದು ನಮ್ಮ ವಾದ.

ಕಂಪ್ರೆಸರ್ ಕ್ಲಚ್ಚು 'ಟಕ್' ಅಂತ ಕೂರಲಿಲ್ಲವೇ? ಫ್ಯೂಸ್, ರಿಲೇ, ಪ್ರೆಶರ್ ಸ್ವಿಚ್ ನೋಡಿ, ಆಮೇಲೆ ಕ್ಲಚ್ ಕಾಯಿಲ್‌ಗೆ ಬನ್ನಿ. ಗ್ಯಾಸ್ ನಿಜವಾಗಿಯೂ ಕಡಿಮೆಯಿದ್ದರೆ ಪ್ರೆಶರ್ ಸ್ವಿಚ್ಚೇ ಕ್ಲಚ್ಚನ್ನು ತಡೆಯುತ್ತೆ. ಅದಕ್ಕೆ ಗೇಜ್ ಕೂಡ ಬೇಕು.

ಕಾಯಿಲ್ ಕನೆಕ್ಟರ್ ಬಿಚ್ಚಿ ಅಳೆದಾಗ 12 ವೋಲ್ಟ್ ಕಂಡರೆ ನಂಬಿಬಿಡಬೇಡಿ. 4 ಓಮ್‌ನ ಕಾಯಿಲ್ 3 ಆಂಪಿಯರ್ ಎಳೀಬೇಕು. ತುಕ್ಕು ಹಿಡಿದ ಅರ್ತ್ ಜಾಯಿಂಟ್ 2 ಓಮ್ ಸೇರಿಸಿದರೆ ಕಾಯಿಲ್‌ಗೆ ಸಿಗೋದು 8 ವೋಲ್ಟ್ ಮಾತ್ರ. ಕರೆಂಟ್ ಹರಿಯದಿದ್ದಾಗ ಈ ನಷ್ಟ ಮೀಟರ್‌ಗೆ ಕಾಣಲ್ಲ. ಕನೆಕ್ಟರ್ ಹಾಕಿಟ್ಟು, ಲೋಡ್ ಇದ್ದಾಗಲೇ ಅಳೀಬೇಕು.

ಇದೆಲ್ಲ ಮೊದಲ ವರ್ಷದ ಓಮ್ ನಿಯಮವೇ. ಆದರೆ ಲ್ಯಾಬ್‌ನಲ್ಲಿ ನಾವು ಸರಿಯಿರೋ ಸರ್ಕ್ಯೂಟನ್ನೇ ಅಳೆದು ರೆಕಾರ್ಡ್ ಬರೀತೀವಿ. ಬೇಕಂತಲೇ ಕೆಡಿಸಿದ ಸರ್ಕ್ಯೂಟ್ ಕೊಟ್ಟು 'ದೋಷ ಹುಡುಕಿ' ಅನ್ನೋ ಪ್ರಯೋಗ ಸೆಮಿಸ್ಟರ್‌ಗೆ ಒಂದಾದರೂ ಇರಲಿ.