ಟ್ರಂಕಿನ ಹಾಡಿಗೆ ಮನೆಯದೇ ಬಾನುಲಿ

ಭರತ ಹುಣ್ಣಿಮೆಯ ದಿನ ಉಚ್ಚಂಗಿದುರ್ಗದ ಗುಡ್ಡವನ್ನು ಯಾರೂ ತಾವಾಗಿ ಹತ್ತಬೇಕಿಲ್ಲ, ಹಿಂದಿನವರೇ ದಬ್ಬಿಕೊಂಡು ಹೋಗಿ ಮೇಲೆ ಬಿಡುತ್ತಾರೆ. ಪಾಂಡ್ಯರು ಆಳಿದ ಕೋಟೆಯ ಕಲ್ಲುಗಳ ನಡುವೆ ಉಧೋ ಉಧೋ ಎಂಬ ಕೂಗು, ಚೌಡಿಕೆಯ ತಂತಿ, ಕೆಳಗಿನ ಅಂಗಡಿಗಳ ಧ್ವನಿವರ್ಧಕ, ಎಲ್ಲವೂ ಒಂದರ ಮೇಲೊಂದು ಬಿದ್ದು ಕಿವಿ ಗಡಚಿಕ್ಕುತ್ತವೆ. ಟೇಪ್ ರೆಕಾರ್ಡರ್ ಮನೆಮನೆಗೆ ಬಂದಿದ್ದ ಕಾಲದಲ್ಲಿ ಇಂಥ ಗದ್ದಲದಲ್ಲೂ ಕೆಂಪು ಗುಂಡಿ ಒತ್ತಿ ಹಾಡು ಹಿಡಿದಿಟ್ಟುಕೊಂಡವರಿದ್ದರು. ಜಾತ್ರೆಯದಷ್ಟೇ ಅಲ್ಲ, ಮದುವೆ ಮನೆಯ ಸೋಬಾನೆ, ರಾತ್ರಿಯಿಡೀ ನಡೆದ ಬಯಲಾಟ, ಪಡಸಾಲೆಯಲ್ಲಿ ಕೂತ ಅಜ್ಜಿಯ ಬೀಸುವ ಪದ. ಆ ಕ್ಯಾಸೆಟ್‌ಗಳು ಎಲ್ಲೂ ಹೋಗಿಲ್ಲ. ಟ್ರಂಕಿನ ತಳದಲ್ಲಿ, ಹಳೆಯ ಸೀರೆಗಳ ಕೆಳಗೆ ಮಲಗಿವೆ. ಮೇಲೆ ಬಾಲ್‌ಪೆನ್ನಿನಲ್ಲಿ ಬರೆದದ್ದು ಒಂದೇ ಮಾತು: ‘ಅಮ್ಮನ ಹಾಡು’. ಯಾವ ಅಮ್ಮ? ಗುಡ್ಡದ ಮೇಲಿನವಳೋ, ಮನೆಯವಳೋ?

ಹಾಡು ಬೇಕಾದರೆ ಮೊಬೈಲಿನಲ್ಲಿ ಎಲ್ಲವೂ ಇದೆಯಲ್ಲ ಎನ್ನಬಹುದು. ಸಿನಿಮಾ ಹಾಡು ಇದೆ, ಭಕ್ತಿಗೀತೆಯೂ ಇದೆ. ಈ ಟ್ರಂಕಿನದು ಇಲ್ಲ. ಇರುವುದಾದರೂ ಬಾಡಿಗೆಯ ಲೆಕ್ಕದ್ದು. ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿ ಬಾಗಿಲು ಹಾಕಿತು, ಏರ್‌ಟೆಲ್‌ನ ವಿಂಕ್ 2024ರಲ್ಲಿ ಮುಚ್ಚಿತು. ಬೇರೆಡೆಗೆ ಸಾಗಿಸಿಕೊಳ್ಳದವರು ಜೋಡಿಸಿಟ್ಟುಕೊಂಡಿದ್ದ ಹಾಡಿನ ಪಟ್ಟಿಗಳು ಅಂಗಡಿಯ ಜೊತೆಗೇ ಹೋದವು. ಆದರೆ ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಹಳೆಯ ಕಂಪ್ಯೂಟರ್ ಒಂದಿದ್ದರೆ ಈ ಕ್ಯಾಸೆಟ್‌ಗಳಿಗೆ ಮನೆಯಲ್ಲೇ ಒಂದು ಬಾನುಲಿ ಕೇಂದ್ರ ತೆರೆಯಬಹುದು. ಸರ್ವರ್ ಎಂದು ಕರೆಯುವುದು ಇದನ್ನೇ. ಹೆಸರು ಕೇಳಿ ಹೆದರಬೇಕಾಗಿಲ್ಲ. ಕೇಳಿದವರಿಗೆ ಕೇಳಿದ ಹಾಡನ್ನು ಬಡಿಸುವ ಯಂತ್ರ, ಅಷ್ಟೆ. ನೀರಿನ ಟ್ಯಾಂಕಿನಿಂದ ಕೊಡ ತುಂಬಿ ಹೊತ್ತು ತರುವುದು ಒಂದು ರೀತಿ, ನಲ್ಲಿಗೆ ಬೊಗಸೆಯೊಡ್ಡಿ ಕುಡಿಯುವುದು ಇನ್ನೊಂದು ರೀತಿ. ಎರಡನೆಯದೇ ಸ್ಟ್ರೀಮಿಂಗ್. ಮೊಬೈಲು ಒಂದೊಂದು ಬೊಗಸೆ ಹಾಡು ಹಿಡಿದು ಕೇಳಿಸುತ್ತ, ಮುಂದಿನ ಬೊಗಸೆಗೆ ಕೈಯೊಡ್ಡಿಕೊಂಡೇ ಇರುತ್ತದೆ. ಟ್ಯಾಂಕು ಕಂಪ್ಯೂಟರಿನಲ್ಲಿ, ನಲ್ಲಿ ಮನೆಯ ಪ್ರತಿ ಮೊಬೈಲಿನಲ್ಲಿ.

ಮೊದಲ ಕೆಲಸ ಟ್ಯಾಂಕು ತುಂಬುವುದು. ಇದೇ ಬೇಸರ ತರಿಸುವ ಭಾಗ, ಇದನ್ನು ಬಿಟ್ಟರೆ ಉಳಿದದ್ದೆಲ್ಲ ಹೂವೆತ್ತಿದಂತೆ. ಓಡುವ ಸ್ಥಿತಿಯಲ್ಲಿರುವ ಟೇಪ್ ರೆಕಾರ್ಡರ್ ಒಂದು ಬೇಕು. ಅದರ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಸಡಿಲವಾದ ರೀಲನ್ನು ಪೆನ್ಸಿಲ್ ತೂರಿಸಿ ಸುತ್ತುವ ವಿದ್ಯೆ ನಲವತ್ತು ದಾಟಿದ ಎಲ್ಲರಿಗೂ ಗೊತ್ತು, ಮಕ್ಕಳಿಗೂ ತೋರಿಸಿ, ನಗುತ್ತಾರೆ. ಬಹುಕಾಲ ಮಲಗಿದ್ದ ರೀಲನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಓಡಿಸಿದ ನಂತರವೇ ಹಾಡಿಸಬೇಕು. ಬಿಳಿ ಬೂಷ್ಟು ಕಂಡರೆ ಆ ಕ್ಯಾಸೆಟ್ಟನ್ನು ಬೇರೆ ಇಡಿ. ಬೂಷ್ಟು ಹೆಡ್ಡಿಗೆ ಅಂಟಿದರೆ ಮುಂದಿನ ಕ್ಯಾಸೆಟ್‌ಗಳಿಗೂ ಹತ್ತುತ್ತದೆ.

ಟೇಪಿನ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿನ ಹಿಂಬದಿಯ ತಿಳಿನೀಲಿ ಬಣ್ಣದ ‘ಲೈನ್ ಇನ್’ ತೂತಿಗೆ ಒಂದು ತಂತಿ ಎಳೆಯಬೇಕು. ಗುಲಾಬಿ ಬಣ್ಣದ್ದು ಮೈಕಿನದು, ಅದಕ್ಕೆ ಚುಚ್ಚಿದರೆ ಧ್ವನಿ ಒಡೆದು ಗರಗರ ಎನ್ನುತ್ತದೆ. ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಲೈನ್ ಇನ್ ಇರುವುದಿಲ್ಲ. ಆಗ ಲೈನ್ ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ಒಂದನ್ನು ಕೊಳ್ಳಬೇಕು. ಆಡಾಸಿಟಿ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಅದರಲ್ಲಿ ಮುದ್ರಿಸಿಕೊಳ್ಳಬಹುದು. ಧ್ವನಿಯ ಸೂಚಿ ಕೆಂಪು ಮುಟ್ಟದಂತೆ ಟೇಪಿನ ಧ್ವನಿಯನ್ನು ಇಳಿಸಿಡಿ. ಜಾತ್ರೆಯ ಹಾಡಿನಲ್ಲಿ ನಡುವೆ ಎಲ್ಲೋ ಒಂದು ಹಲಗೆ ಏಟು ಇದ್ದೇ ಇರುತ್ತದೆ!

ಅಡ್ಡದಾರಿ ಇಲ್ಲ. 90 ನಿಮಿಷದ ಕ್ಯಾಸೆಟ್ಟಿಗೆ 90 ನಿಮಿಷವೇ ಬೇಕು. ಸೆಕೆಂಡಿಗೆ 44,100 ಸಲ ಧ್ವನಿಯನ್ನು ಅಳೆದು, ಎರಡು ಚಾನೆಲ್‌ಗಳಲ್ಲಿ ಬರೆದುಕೊಂಡರೆ ಒಂದು ಕ್ಯಾಸೆಟ್ ಸುಮಾರು 950 ಮೆಗಾಬೈಟ್ ಜಾಗ ಹಿಡಿಯುತ್ತದೆ. ಅದನ್ನು ಫ್ಲಾಕ್ ರೂಪದಲ್ಲಿ ಉಳಿಸಿದರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಧ್ವನಿಯ ಒಂದು ಚೂರೂ ನಷ್ಟವಾಗುವುದಿಲ್ಲ. ಎಂಪಿ3 ಇನ್ನೂ ಚಿಕ್ಕದು. ಆದರೆ ಅದು ಧ್ವನಿಯ ಕೆಲವು ಅಂಶಗಳನ್ನು ಶಾಶ್ವತವಾಗಿ ಉಜ್ಜಿಹಾಕಿಯೇ ಚಿಕ್ಕದಾಗುವುದು. ಮತ್ತೆಲ್ಲೂ ಸಿಗದ ಹಾಡಿಗೆ ಅದು ಬೇಡ. ನೂರು ಕ್ಯಾಸೆಟ್ ಹಾಕಿದರೂ 50 ಗಿಗಾಬೈಟ್ ಸುತ್ತಮುತ್ತ. ಹಳೆಯ ಕಂಪ್ಯೂಟರಿನ ಹೊಟ್ಟೆಗೆ ಅದೇನು ಭಾರವಲ್ಲ.

ಬಡಿಸುವ ಕೆಲಸಕ್ಕೆ ನ್ಯಾವಿಡ್ರೋಮ್ ಅಥವಾ ಜೆಲ್ಲಿಫಿನ್ ಎಂಬ ತಂತ್ರಾಂಶ ಸಾಕು. ಎರಡಕ್ಕೂ ಕಾಸಿಲ್ಲ. ಹಾಡುಗಳು ಯಾವ ಫೋಲ್ಡರಿನಲ್ಲಿವೆ ಎಂದು ತೋರಿಸಿದರೆ ಅದು ತಾನೇ ಪಟ್ಟಿ ಮಾಡಿಕೊಳ್ಳುತ್ತದೆ. ಮನೆಯ ವೈಫೈ ಹಿಡಿದ ಮೊಬೈಲಿನ ಬ್ರೌಸರಿನಲ್ಲಿ ಕಂಪ್ಯೂಟರಿನ ವಿಳಾಸ, ಮುಂದೆ ಎರಡು ಚುಕ್ಕೆ, ಅದರ ಮುಂದೆ ನ್ಯಾವಿಡ್ರೋಮಿಗಾದರೆ 4533 ಎಂದು ಒತ್ತಿದರೆ ಹಾಡಿನ ಪಟ್ಟಿ ಕಣ್ಣೆದುರು ಬರುತ್ತದೆ. ಇದಕ್ಕೆ ಇಂಟರ್‌ನೆಟ್ ಬೇಕಿಲ್ಲ ಎಂಬುದೇ ಸೊಗಸು. ರಸ್ತೆ ಅಗೆದು ಕೇಬಲ್ ತುಂಡಾದ ದಿನವೂ ಪಡಸಾಲೆಯ ಕಂಪ್ಯೂಟರಿನಿಂದ ಅಡುಗೆಮನೆಯ ಮೊಬೈಲಿಗೆ ಹಾಡು ಹರಿಯುತ್ತಲೇ ಇರುತ್ತದೆ.

ನಿನ್ನೆ ಹಾಡಿದ್ದು ಇಂದು ಹಾಡುತ್ತಿಲ್ಲ ಎಂಬ ದೂರು ಬಂದರೆ ಕಾರಣ ಬಹುತೇಕ ಒಂದೇ. ಕರೆಂಟು ಹೋಗಿ ಬಂದಾಗ ವೈಫೈ ರೌಟರ್ ಕಂಪ್ಯೂಟರಿಗೆ ಹೊಸ ವಿಳಾಸ ಕೊಟ್ಟಿರುತ್ತದೆ, ನಿನ್ನೆ 192.168.1.5 ಆಗಿದ್ದದ್ದು ಇಂದು 192.168.1.8. ಈ ಯಂತ್ರಕ್ಕೆ ಇದೇ ವಿಳಾಸ ಎಂದು ರೌಟರಿನಲ್ಲಿ ಕಾಯಂ ಮಾಡಿಬಿಟ್ಟರೆ ಮುಗಿಯಿತು. ಕಂಪ್ಯೂಟರ್ ತಾನಾಗಿ ನಿದ್ದೆ ಹೋಗದಂತೆಯೂ ನೋಡಿಕೊಳ್ಳಬೇಕು. ಹಾಗೆಂದು ಹಗಲಿರುಳೂ ಉರಿಸುವುದು ಜಾಣತನವಲ್ಲ. 50 ವ್ಯಾಟ್ ಎಳೆಯುವ ಡೆಸ್ಕ್‌ಟಾಪ್ ದಿನವಿಡೀ ಓಡಿದರೆ ತಿಂಗಳಿಗೆ 36 ಯೂನಿಟ್. ಗೃಹಜ್ಯೋತಿಯ ಲೆಕ್ಕದಲ್ಲಿರುವ ಮನೆಯವರು ಬಿಲ್ಲು ನೋಡಿ ‘ಯಾವ ಹಾಡಪ್ಪಾ ಇದು’ ಎಂದಾರು. ಬೇಕಾದಾಗ ಹಚ್ಚಿ, ಸಾಕಾದಾಗ ಆರಿಸಿ. ಮಾಡಿಯೇ ತೀರುತ್ತೇವೆ ಎನ್ನುವವರಿಗೆ 5 ವ್ಯಾಟ್ ಆಸುಪಾಸಿನಲ್ಲಿ ಓಡುವ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರುಗಳಿವೆ.

ಇಲ್ಲಿಯವರೆಗಿನದನ್ನು ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಎರಡು ಭಾನುವಾರಗಳಲ್ಲಿ ಮಾಡಿ ಮುಗಿಸಬಲ್ಲಳು. ನಿಜವಾದ ಕಷ್ಟ ಈಗ ಶುರು. ತಂತ್ರಾಂಶ ಪ್ರತಿ ಹಾಡಿಗೂ ಕೇಳುತ್ತದೆ: ಹಾಡಿದವರು ಯಾರು? ಯಾವ ವರ್ಷ? ಸಿನಿಮಾ ಹಾಡಾದರೆ ಈ ವಿವರಗಳನ್ನು ಎಲ್ಲಿಂದಾದರೂ ಹುಡುಕಿ ತುಂಬಬಹುದು. ‘ಅಮ್ಮನ ಹಾಡು’ ಕ್ಯಾಸೆಟ್ಟಿಗೆ? ಖಾಲಿ ಬಿಟ್ಟರೆ ‘ಅಪರಿಚಿತ ಕಲಾವಿದ’ ಎಂಬರ್ಥದ ಇಂಗ್ಲಿಷ್ ಪದವನ್ನು ಅದೇ ಬರೆದುಕೊಳ್ಳುತ್ತದೆ. ಹೆತ್ತವ್ವನ ದನಿಯ ಮುಂದೆ ಅಪರಿಚಿತ ಎಂಬ ಮಾತು!

ಹಾಲೆಂಡಿನ ಸಂಗೀತ ವಿದ್ವಾಂಸ ಅರ್ನಾಲ್ಡ್ ಬಾಕೆ 1938ರಲ್ಲಿ ದಕ್ಷಿಣ ಭಾರತದಲ್ಲಿ ಸುತ್ತಾಡಿ ಹಾಡುಗಳನ್ನು ಮುದ್ರಿಸಿಕೊಂಡಿದ್ದರು. 1984ರಲ್ಲಿ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಆ ಧ್ವನಿಗಳ ಪ್ರತಿ ಹಿಡಿದು ತಮಿಳುನಾಡು, ಕೇರಳ, ಕರ್ನಾಟಕದಲ್ಲಿ ಬಾಕೆ ಹೋದ ದಾರಿಯಲ್ಲೇ ಹೋದರು. ಎಲ್ಲಿಯ ಹಾಡು ಎಂಬುದು ಗೊತ್ತಿದ್ದದ್ದರಿಂದಲೇ ಹಾಗೆ ಹುಡುಕಿಕೊಂಡು ಹೋಗಲು ಬಂತು. ಟ್ರಂಕಿನ ಕ್ಯಾಸೆಟ್ಟಿಗೆ ಅಷ್ಟೂ ಆಧಾರವಿಲ್ಲ. ದನಿ ಗುರುತು ಹಿಡಿಯಬಲ್ಲ ಒಬ್ಬಿಬ್ಬರು ಇನ್ನೂ ಮನೆಯಲ್ಲೋ ಓಣಿಯಲ್ಲೋ ಇದ್ದಾರೆ, ಅವರಿಗೆ ವಯಸ್ಸಾಗಿದೆ. ಸರ್ವರ್ ಉಪಕಾರಕ್ಕೆ ಬರುವುದು ಇಲ್ಲಿಯೇ. ಮೊಬೈಲನ್ನು ಅಜ್ಜಿಯ ಪಕ್ಕಕ್ಕಿಟ್ಟು, ಅವರು ಕಾಳು ಆರಿಸುತ್ತ ಕೂತಿರುವಾಗ ಹಾಡು ಬಿಡಿ. ‘ಇದು ನಮ್ಮತ್ತಿಗೆ ದನಿ ಅಲ್ಲೇನು’ ಎಂಬ ಮಾತು ಬಂದ ತಕ್ಷಣ ಬರೆದುಕೊಳ್ಳಿ, ಸಂಜೆಗೆಂದು ಬಿಡಬೇಡಿ. ಬರೆಯುವುದು ಯೂನಿಕೋಡ್ ಕನ್ನಡದಲ್ಲಿರಲಿ, ಹಳೆಯ ಫಾಂಟುಗಳಲ್ಲಿ ಬರೆದದ್ದು ಮೊಬೈಲಿನಲ್ಲಿ ಚಿತ್ರಲಿಪಿಯಾಗುತ್ತದೆ.

ಊರಿನ ಹೆಸರು ಬರೆಯಿರಿ, ಜಿಲ್ಲೆಯದನ್ನು ನಂಬಬೇಡಿ. ಉಚ್ಚಂಗಿದುರ್ಗ ಇದ್ದಲ್ಲೇ ಇದೆ. ಆದರೆ ಅದು ಸೇರಿದ ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಜಿಲ್ಲೆವಾರು ಫೋಲ್ಡರ್ ಮಾಡಿದವರ ಗತಿ ಏನು!

ಚೌಡಿಕೆಯ ಹಾಡುಗಳ ಬಗ್ಗೆ ಒಂದು ಮಾತು. ಅದನ್ನು ಹಾಡಿದ ಎಷ್ಟೋ ಹೆಣ್ಣುಮಕ್ಕಳು ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡವರು. 1982ರ ಕಾಯ್ದೆ ನಿಷೇಧಿಸಿದ್ದು ಆ ಅನಿಷ್ಟವನ್ನು, ಹಾಡನ್ನಲ್ಲ. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ನಾಡೆಲ್ಲ ಹೆಸರು ಹಿಡಿದು ಕರೆಯಿತು. ಜಾತ್ರೆಯ ಕ್ಯಾಸೆಟ್ಟಿನಲ್ಲಿ ಹಾಡಿದಾಕೆಗೂ ಒಂದು ಹೆಸರಿತ್ತು. ಅದು ಗೊತ್ತಾದರೆ, ಆಕೆಯೋ ಮನೆಯವರೋ ಒಪ್ಪಿದರೆ, ಬರೆಯಿರಿ. ಒಪ್ಪದಿದ್ದರೆ ‘ಜೋಗತಿ’ ಎಂಬ ಹಣೆಪಟ್ಟಿಯನ್ನೂ ಅಂಟಿಸಬೇಡಿ.

ಬೆಂಗಳೂರಿನ ಮಗ, ಪುಣೆಯ ಮಗಳು ತಮಗೂ ಕೇಳಬೇಕೆನ್ನುವುದು ಸಹಜ. ಅದಕ್ಕಾಗಿ ರೌಟರಿನ ಬಾಗಿಲನ್ನು ಲೋಕಕ್ಕೆಲ್ಲ ತೆರೆದಿಡುವುದು ಅಪಾಯ. ಟೈಲ್‌ಸ್ಕೇಲ್, ವೈರ್‌ಗಾರ್ಡ್‌ನಂಥ ಖಾಸಗಿ ಸುರಂಗಗಳಿವೆ, ಮನೆಯವರ ಮೊಬೈಲಿಗೆ ಮಾತ್ರ ದಾರಿ ಬಿಡುತ್ತವೆ. ಅಂಗಡಿಯಲ್ಲಿ ಕೊಂಡ ಕ್ಯಾಸೆಟ್‌ಗಳಿಗೆ ಇದು ಇನ್ನೂ ಮುಖ್ಯ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಮನೆಯಲ್ಲಿ ಕೇಳುವುದು ಬೇರೆ, ಊರಿಗೆಲ್ಲ ಹಂಚುವುದು ಬೇರೆ. ಇನ್ನು ಸರ್ವರಿನಲ್ಲಿದೆ ಎಂದು ನೆಮ್ಮದಿಯಾಗಿರಬೇಡಿ, ಒಂದು ಸಿಡಿಲಿನ ರಾತ್ರಿ ಡಿಸ್ಕ್ ಸುಟ್ಟುಹೋದೀತು. ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಹಾಕಿ ತವರಿನಲ್ಲೋ ತಮ್ಮನ ಮನೆಯಲ್ಲೋ ಇಡಿ.

ಕ್ಯಾಸೆಟ್ಟಿನ ‘ಬಿ’ ಬದಿಯನ್ನು ಮರೆಯಬೇಡಿ. ಹಾಡು ಮುಗಿಯಿತೆಂದು ಮುದ್ರಣ ನಿಲ್ಲಿಸದೆ ರೀಲು ಕೊನೆ ಮುಟ್ಟುವವರೆಗೂ ಓಡಿಸಿ. ಕೆಂಪು ಗುಂಡಿ ಆರಿಸಲು ಮರೆತವರ ಮನೆಗಳಲ್ಲಿ ಹಾಡಿನ ನಂತರ ಲೋಟ ಇಟ್ಟ ಸದ್ದು, ಎಮ್ಮೆಯ ಕೂಗು, ‘ಸಾಕು ಬಿಡೋ, ಎಷ್ಟು ಹಾಡಸ್ತೀಯ’ ಎಂಬ ಮಾತು ಹಾಗೆಯೇ ಉಳಿದಿರುತ್ತವೆ.